ಕ್ಯಾಮೆರಾ ಕೇಳಿ–ಹೇಳಿ: ಲೆನ್ಸ್ ಮುಂದೆ ಇನ್ನೊಂದು ಗಾಜು ಬೇಕೆ?

ಈ ತಿಂಗಳ ಪತ್ರಗಳಲ್ಲಿ ಫಿಲ್ಟರಿನದೇ ಮಾತು. ಮೊಬೈಲಿನಲ್ಲಿ ಫಿಲ್ಟರ್ ಹಾಕಿ ಅಭ್ಯಾಸವಾದವರಿಗೆ ಮೊದಲೇ ಒಂದು ವಿಷಯ ಹೇಳಿಬಿಡಬೇಕು. ಮೊಬೈಲಿನ ಫಿಲ್ಟರ್ ಫೋಟೊ ತೆಗೆದ ಮೇಲೆ ಬಣ್ಣ ಬದಲಿಸುತ್ತದೆ. ಲೆನ್ಸಿಗೆ ಹಾಕುವ ಫಿಲ್ಟರ್ ಬೆಳಕು ಒಳಗೆ ಬರುವ ಮೊದಲೇ ಅದರಿಂದ ಏನನ್ನೋ ಕಳೆಯುತ್ತದೆ. ಅದಕ್ಕೆ ಗೊತ್ತಿರುವುದು ಕಳೆಯುವ ಲೆಕ್ಕ ಮಾತ್ರ, ಕೂಡುವ ಲೆಕ್ಕ ಬಾರದು. ಹಾಗಾಗಿ ಏನು ಕಳೆಯಬೇಕು ಎಂದು ಗೊತ್ತಾದ ಮೇಲೆ ಅಂಗಡಿಗೆ ಹೋಗಿ.

ಪ್ರಶ್ನೆ: ಹೊಸ ಕ್ಯಾಮೆರಾ, 18-55 ಲೆನ್ಸ್ ಕೊಂಡೆ. ಅಂಗಡಿಯವರು ‘ತ್ರೀ ಇನ್ ಒನ್ ಕಿಟ್’ ಎಂದು ಯುವಿ, ಸಿಪಿಎಲ್, ಎಫ್‌ಎಲ್‌ಡಿ ಎಂಬ ಮೂರು ಫಿಲ್ಟರ್ ಕೊಟ್ಟರು. ಯುವಿಯನ್ನು ಲೆನ್ಸ್ ಮೇಲೇ ಬಿಟ್ಟಿದ್ದೇನೆ. ಮೈಸೂರು ಅರಮನೆಯ ದೀಪಾಲಂಕಾರದ ಫೋಟೊದಲ್ಲಿ ಕಪ್ಪು ಆಕಾಶದ ತುಂಬ ಹಸಿರು ಚುಕ್ಕೆಗಳು ಬಂದಿವೆ. ಲೆನ್ಸ್ ಹಾಳಾಗಿದೆಯೆ? — ತುಮಕೂರು

ಉತ್ತರ: ಲೆನ್ಸ್ ಚೆನ್ನಾಗಿದೆ, ತೊಂದರೆ ಯುವಿ ಗಾಜಿನದು. ಖಾತ್ರಿ ಮಾಡಿಕೊಳ್ಳಲು ಆ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕೆಳಗೆ ಎಡಮೂಲೆಯ ಕಡೆ ಇರುವ ಒಂದು ಪ್ರಖರ ದೀಪವನ್ನು ಗುರುತಿಸಿ, ಅಲ್ಲಿಂದ ಚಿತ್ರದ ನಟ್ಟನಡುವೆ ಹಾದುಹೋಗುವಂತೆ ಒಂದು ಗೆರೆ ಎಳೆದುಕೊಳ್ಳಿ. ನಡುವಿನಿಂದ ಅಷ್ಟೇ ದೂರದಲ್ಲಿ, ಬಲಗಡೆ ಮೇಲ್ಭಾಗದಲ್ಲಿ ಒಂದು ಮಂಕು ಚುಕ್ಕೆ ಇದ್ದರೆ ಅದು ಆ ದೀಪದ್ದೇ ಪ್ರತಿಬಿಂಬ. ನಿಮ್ಮ ಫೋಟೊದ ಆಕಾಶದಲ್ಲಿ ಮೂಡಿರುವುದು ತಲೆಕೆಳಗಾದ ಅರಮನೆ.

ಆಗುವುದು ಹೀಗೆ. ಕ್ಯಾಮೆರಾದ ಸೆನ್ಸರ್ (ಒಳಗೆ ಚಿತ್ರ ಮೂಡುವ ಫಲಕ) ಕೂಡ ಮಿರುಗುವ ವಸ್ತುವೇ. ಅದರ ಮೇಲೆ ಬಿದ್ದ ದೀಪದ ಬೆಳಕಿನಲ್ಲಿ ಸ್ವಲ್ಪ ಭಾಗ ಹಿಂದಕ್ಕೆ ಪುಟಿದು, ಲೆನ್ಸ್ ದಾಟಿ, ಚಪ್ಪಟೆ ಫಿಲ್ಟರಿನ ಹಿಂಬದಿಗೆ ಬಡಿದು ಮತ್ತೆ ಒಳಗೆ ಬರುತ್ತದೆ. ಲೇಪನವಿಲ್ಲದ ಗಾಜು ಪ್ರತಿ ಮೈಯಲ್ಲೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ, ಎರಡೂ ಮೈ ಸೇರಿದರೆ ಶೇ. 8. ಒಳ್ಳೆಯ ‘ಮಲ್ಟಿ ಕೋಟೆಡ್’ ಫಿಲ್ಟರಿನಲ್ಲಿ ಇದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಹಗಲಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಕಪ್ಪು ಆಕಾಶದ ಮೇಲೆ ಪ್ರತಿ ಬಲ್ಬೂ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮದಕ್ಕೆ ಲೇಪನ ಇದೆಯೆ ಎಂದು ತಿಳಿಯಲು ಫಿಲ್ಟರನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಟ್ಯೂಬು ಕಿಟಕಿ ಗಾಜಿನಲ್ಲಿ ಕಂಡಂತೆ ಬೆಳ್ಳಗೆ ಕಂಡರೆ ಲೇಪನವಿಲ್ಲ. ಮಂಕಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಂಡರೆ ಇದೆ.

ಹಾಗಾದರೆ ಯುವಿ ಯಾಕೆ ಬೇಕು? ಫಿಲ್ಮಿನ ಕಾಲದಲ್ಲಿ ಅದಕ್ಕೆ ಕೆಲಸವಿತ್ತು. ಫಿಲ್ಮಿಗೆ ಅತಿನೇರಳೆ (ಯುವಿ) ಕಿರಣವೂ ತಾಗುತ್ತಿದ್ದುದರಿಂದ ದೂರದ ಗುಡ್ಡಗಳು ನೀಲಿಗಟ್ಟಿ ಮಸುಕಾಗುತ್ತಿದ್ದವು. ಡಿಜಿಟಲ್ ಸೆನ್ಸರಿನ ಮೇಲೆ ಆ ಕಿರಣವನ್ನು ತಡೆಯುವ ಗಾಜನ್ನು ತಯಾರಕರೇ ಕೂರಿಸಿರುತ್ತಾರೆ. ಈಗ ಯುವಿ ಎಂದರೆ ಲೆನ್ಸಿನ ರೇನ್‌ಕೋಟು, ಅಷ್ಟೆ. ಮಲ್ಪೆಯ ಉಪ್ಪುಗಾಳಿ, ಹೋಳಿಯ ಬಣ್ಣ, ಜಾತ್ರೆಯ ಧೂಳು ಇದ್ದಲ್ಲಿ ಹಾಕಿ. ತೇರಿಗೆ ಎಸೆದ ಬಾಳೆಹಣ್ಣು ಯಾರ ಲೆನ್ಸಿಗೆ ಬೀಳುತ್ತದೆ ಎಂದು ಹೇಳುವಂತಿಲ್ಲ. ಕತ್ತಲಾದ ಮೇಲೆ, ಚಿತ್ರದೊಳಗೆ ದೀಪಗಳಿದ್ದಾಗ, ಸೂರ್ಯನ ಕಡೆ ಮುಖ ಮಾಡಿದಾಗ ಬಿಚ್ಚಿ ಜೇಬಿಗೆ ಹಾಕಿ. ದಿನನಿತ್ಯದ ರಕ್ಷಣೆಗೆ ನಮ್ಮ ಮತ ಲೆನ್ಸ್ ಹುಡ್‌ಗೆ, ಅಂದರೆ ಲೆನ್ಸಿನ ಬಾಯಿಗೆ ಕೂರುವ ಗಿಡ್ಡ ಕೊಳವೆಗೆ. ಅದು ಪೆಟ್ಟನ್ನೂ ತಡೆಯುತ್ತದೆ, ಪಕ್ಕದಿಂದ ಬೀಳುವ ಬಿಸಿಲನ್ನೂ ತಡೆಯುತ್ತದೆ, ಚಿತ್ರವನ್ನು ಕೆಡಿಸುವುದಿಲ್ಲ.

ಎಫ್‌ಎಲ್‌ಡಿ ಎಂಬ ಗುಲಾಬಿ ಬಣ್ಣದ ಗಾಜು ಟ್ಯೂಬ್‌ಲೈಟ್ ಕೆಳಗೆ ಫಿಲ್ಮಿನಲ್ಲಿ ಬರುತ್ತಿದ್ದ ಹಸಿರು ಛಾಯೆಯನ್ನು ಕಳೆಯಲು ಮಾಡಿದ್ದು. ನಿಮ್ಮ ಕ್ಯಾಮೆರಾದಲ್ಲಿ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆ ಕೆಲಸವನ್ನು ತಾನೇ ಮಾಡುತ್ತದೆ. ಅದು ಡಬ್ಬಿಯಲ್ಲೇ ಇರಲಿ. ಇನ್ನು ಸಿಪಿಎಲ್, ಅಂದರೆ ಹೊಳಪು, ಪ್ರತಿಬಿಂಬಗಳನ್ನು ಕಳೆಯುವ ಪೋಲರೈಸರ್. ಅದು ಅಸಲಿಯೆ ಎಂದು ಹೀಗೆ ಪರೀಕ್ಷಿಸಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಲೆನ್ಸಿಗೆ ಹಾಕಿದಾಗ ಹೊರಗೆ ಕಾಣುವ ಮುಖವನ್ನು ಪರದೆಯ ಕಡೆ ಮಾಡಿ, ಫಿಲ್ಟರ್ ಮೂಲಕ ನೋಡುತ್ತ ಮುಂದಿನ ಬಳೆಯನ್ನು ತಿರುಗಿಸಿ. ಒಂದು ಹಂತದಲ್ಲಿ ಪರದೆ ಹೆಚ್ಚುಕಡಿಮೆ ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಅದು ಕಳಪೆ ಮಾಲು, ಏನೂ ಬದಲಾಗದಿದ್ದರೆ ಬರೀ ಬಣ್ಣದ ಗಾಜು.

ಪ್ರಶ್ನೆ: ನನ್ನದು 50 ಮಿ.ಮೀ. ಲೆನ್ಸ್. ಆನ್‌ಲೈನಿನಲ್ಲಿ 50 ಮಿ.ಮೀ. ಫಿಲ್ಟರ್ ಹುಡುಕಿದರೆ ಸಿಗುತ್ತಲೇ ಇಲ್ಲ. — ದಾವಣಗೆರೆ

ಉತ್ತರ: ಎರಡೂ ಮಿಲಿಮೀಟರೇ ಆದರೂ ಅಳೆಯುವುದು ಬೇರೆ ಬೇರೆ. ಲೆನ್ಸಿನ 50 ಎಂದರೆ ಫೋಕಲ್ ಲೆಂಗ್ತ್, ಲೆನ್ಸ್ ಎಷ್ಟು ಅಗಲದ ನೋಟ ಹಿಡಿಯುತ್ತದೆ ಎಂದು ಹೇಳುವ ಅಳತೆ. ಫಿಲ್ಟರಿನ ಸಂಖ್ಯೆ ಎಂದರೆ ಲೆನ್ಸ್ ಬಾಯಿಯ ತಿರುಪು ಮರೆಯ ಅಡ್ಡಳತೆ. ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದಂಥ ಗುರುತಿನ ಪಕ್ಕ ಬರೆದಿರುತ್ತದೆ. ಅಲ್ಲಿ ಕಾಣದಿದ್ದರೆ ಲೆನ್ಸ್ ಕ್ಯಾಪಿನ ಒಳಮುಖ ನೋಡಿ. ಕ್ಯಾನನ್‌ನ 50 ಎಫ್/1.8 ಎಸ್‌ಟಿಎಂ ಲೆನ್ಸಿಗೆ 49, ನಿಕಾನ್‌ನ 50 ಎಫ್/1.8 ಜಿ ಲೆನ್ಸಿಗೆ 58. ಕ್ಯಾನನ್ 18-55 ಎಸ್‌ಟಿಎಂ 58, ನಿಕಾನ್ ಎಎಫ್-ಪಿ 18-55 ಲೆನ್ಸಿಗೆ 55, ಸೋನಿಯ ಪುಟ್ಟ 16-50ಕ್ಕೆ 40.5.

ಪ್ರತಿ ಲೆನ್ಸಿಗೂ ಒಂದೊಂದು ಫಿಲ್ಟರ್ ಕೊಳ್ಳಬೇಡಿ. ನಿಮ್ಮಲ್ಲಿರುವ ಅತಿ ದೊಡ್ಡ ಬಾಯಿಯ ಲೆನ್ಸಿಗೆ ಒಂದು ಒಳ್ಳೆಯದನ್ನು ಕೊಂಡು, ಉಳಿದವಕ್ಕೆ ‘ಸ್ಟೆಪ್ ಅಪ್ ರಿಂಗ್’ ಎಂಬ ಲೋಹದ ಬಳೆ ತನ್ನಿ. ಅದರ ಮೇಲೆ 49-58 ಎಂದಿದ್ದರೆ ಮೊದಲ ಸಂಖ್ಯೆ ಲೆನ್ಸಿನದು, ಎರಡನೆಯದು ಫಿಲ್ಟರಿನದು. ತಿರುಗುಮುರುಗಾಗಿ 58-49 ತಂದರೆ ಅದು ‘ಸ್ಟೆಪ್ ಡೌನ್’, ಚಿತ್ರದ ಮೂಲೆಗಳು ಕಪ್ಪಾಗಬಹುದು. ಬಳೆ ಹಾಕಿದಾಗ ಹುಡ್ ಕೂರುವುದು ಕಷ್ಟ, ಅದೊಂದು ತೊಡಕು.

ಪ್ರಶ್ನೆ: ಜೋಗದಲ್ಲಿ ನೀರು ರೇಷ್ಮೆಯಂತೆ ಕಾಣುವ ಫೋಟೊ ತೆಗೆಯಬೇಕು. ಶಟರ್ ನಿಧಾನ ಮಾಡಿದರೆ ಎಲ್ಲ ಬೆಳ್ಳಗಾಗುತ್ತದೆ. ಎಫ್/22 ಇಟ್ಟರೂ ಸಾಲದು. ಎನ್‌ಡಿ ಫಿಲ್ಟರ್ ಯಾವ ನಂಬರಿನದು ಕೊಳ್ಳಲಿ? — ಸಾಗರ

ಉತ್ತರ: ಮೊದಲು ಎಫ್/22 ಬಿಡಿ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ರಂಧ್ರ ಕಿರಿದು. ರಂಧ್ರ ಅಷ್ಟು ಕಿರಿದಾದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಸಣ್ಣ ಸೆನ್ಸರಿನ (ಕ್ರಾಪ್ ಸೆನ್ಸರ್) ಕ್ಯಾಮೆರಾದಲ್ಲಿ ಎಫ್/11 ದಾಟದಿರುವುದು ಒಳ್ಳೆಯದು.

ಎನ್‌ಡಿ ಎಂದರೆ ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ತಗ್ಗಿಸುವ ಕಪ್ಪು ಗಾಜು. ಹೆಸರಿನ ಮುಂದಿನ ಸಂಖ್ಯೆಯೇ ಗುಣಕ: ಎನ್‌ಡಿ 8 ಹಾಕಿದರೆ ಶಟರ್ ಸಮಯ 8 ಪಟ್ಟು, ಎನ್‌ಡಿ 64 ಹಾಕಿದರೆ 64 ಪಟ್ಟು. ಕೆಲವು ಡಬ್ಬಿಗಳ ಮೇಲೆ ಇದನ್ನೇ 0.9, 1.8, 3.0 ಎಂದು ಬರೆದಿರುತ್ತಾರೆ. ಪ್ರತಿ 0.3ಕ್ಕೆ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ ಇಳಿಯುವ ಹಂತ), ಅಂದರೆ 0.9 ಎಂದರೆ 3 ಸ್ಟಾಪ್, ಎನ್‌ಡಿ 8. ಮೋಡ ಕವಿದ ಹಗಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಎಫ್/11ಕ್ಕೆ ಶಟರ್ ಸುಮಾರು 1/30 ಸೆಕೆಂಡ್ ಬರುತ್ತದೆ. ಎನ್‌ಡಿ 8 ಹಾಕಿದರೆ 1/4 ಸೆಕೆಂಡ್, ಎನ್‌ಡಿ 64 ಹಾಕಿದರೆ 2 ಸೆಕೆಂಡ್, ಎನ್‌ಡಿ 1000 ಹಾಕಿದರೆ ಅರ್ಧ ನಿಮಿಷ ದಾಟುತ್ತದೆ. ಕ್ಯಾಮೆರಾ ತಾನಾಗಿ ಎಣಿಸುವುದು ಸಾಮಾನ್ಯವಾಗಿ 30 ಸೆಕೆಂಡಿನವರೆಗೆ, ಆಚೆಗೆ ಒತ್ತಿಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಬಲ್ಬ್ ಮೋಡ್, ರಿಮೋಟ್ ಬೇಕು.

ಕಾಲಬುಡದಲ್ಲಿ ಹರಿಯುವ ಹಳ್ಳಕ್ಕೆ 1/4ರಿಂದ 1/2 ಸೆಕೆಂಡ್ ಸಾಕು, ನೀರಿನ ಎಳೆಗಳು ಉಳಿಯುತ್ತವೆ. ಜೋಗ 253 ಮೀಟರ್ ಎತ್ತರದ್ದು, ನೀವು ನಿಲ್ಲುವುದು ಕಣಿವೆಯ ಆಚೆ ದಡದಲ್ಲಿ. ಅಷ್ಟು ದೂರದಿಂದ ನೀರು ಚಿತ್ರದೊಳಗೆ ನಿಧಾನವಾಗಿ ಸರಿಯುವುದರಿಂದ 1ರಿಂದ 2 ಸೆಕೆಂಡ್ ಬೇಕಾಗುತ್ತದೆ. ಆದ್ದರಿಂದ ನಿಮಗೆ ಎನ್‌ಡಿ 64. ಹಳ್ಳ–ಝರಿಗಳೇ ಹೆಚ್ಚಾದರೆ ಎನ್‌ಡಿ 8. ಎನ್‌ಡಿ 1000 ಸದ್ಯಕ್ಕೆ ಬೇಡ. ಒಂದೇ ಗಾಜಿನಲ್ಲಿ ಎಲ್ಲ ಸಿಗುತ್ತದೆ ಎನ್ನುವ ‘ವೇರಿಯಬಲ್ ಎನ್‌ಡಿ’ ಎಂದರೆ ಒಂದರ ಮೇಲೊಂದು ಕೂರಿಸಿದ ಎರಡು ಪೋಲರೈಸರ್‌ಗಳು. ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿ ಆಕಾರದ ಕಪ್ಪು ಪಟ್ಟೆ ಮೂಡುತ್ತದೆ. ವಿಡಿಯೊದವರಿಗೆ ಅನುಕೂಲ, ಜಲಪಾತಕ್ಕೆ ನಾವು ಹೇಳುವುದಿಲ್ಲ.

ಮಾಡುವ ಕ್ರಮ ಮುಖ್ಯ. ಟ್ರೈಪಾಡ್ ಮೇಲಿಟ್ಟು, ಫಿಲ್ಟರ್ ಇಲ್ಲದೆ ಚೌಕಟ್ಟು ಹೊಂದಿಸಿ, ಫೋಕಸ್ ಮಾಡಿ, ನಂತರ ಮ್ಯಾನ್ಯುಯಲ್ ಫೋಕಸ್‌ಗೆ ಬದಲಿಸಿ. ಕಪ್ಪು ಗಾಜಿನ ಮೂಲಕ ಕ್ಯಾಮೆರಾಕ್ಕೆ ಫೋಕಸ್ ಸಿಗದೆ ಒದ್ದಾಡುತ್ತದೆ. ಎಂ (ಮ್ಯಾನ್ಯುಯಲ್) ಮೋಡಿನಲ್ಲಿ ಸರಿಯಾದ ಶಟರ್ ಸಮಯ ಬರೆದುಕೊಂಡು ಆಮೇಲೆ ಫಿಲ್ಟರ್ ತಿರುಗಿಸಿ. ಇಲ್ಲೇ ಹಲವರು ಎಡವುವುದು: ಬಿಗಿಮಾಡುವ ಭರದಲ್ಲಿ ಜೂಮ್ ಸರಿದುಬಿಡುತ್ತದೆ. ಎಡಗೈಯಲ್ಲಿ ಲೆನ್ಸ್ ಹಿಡಿದು ಬಲಗೈಯಲ್ಲಿ ತಿರುಗಿಸಿ. ಬರೆದುಕೊಂಡ ಸಮಯವನ್ನು 64ರಿಂದ ಗುಣಿಸಿ. ಅಲುಗಾಟ ತಡೆಯುವ, ಲೆನ್ಸಿನ ಐಎಸ್ ಅಥವಾ ವಿಆರ್ ಗುಂಡಿಯನ್ನು ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಹಾಕಿ. ಕನ್ನಡಿಯಿರುವ ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಬಟ್ಟೆಯಿಂದ ಮುಚ್ಚಿ, ಹಿಂದಿನಿಂದ ನುಗ್ಗಿದ ಬೆಳಕು ದೀರ್ಘ ಎಕ್ಸ್‌ಪೋಶರಿನಲ್ಲಿ ಬಿಳಿ ಮಸುಕು ಹಚ್ಚುತ್ತದೆ. ಅಗ್ಗದ ಎನ್‌ಡಿ ಕೆಂಪು ಅಥವಾ ಕಂದು ಛಾಯೆ ಕೊಡುವುದುಂಟು, ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಫೈಲಿನಲ್ಲಿ ತೆಗೆದರೆ ಆಮೇಲೆ ಸರಿಪಡಿಸಬಹುದು.

ಇನ್ನೊಂದು ಮಾತು. ಮಳೆಗಾಲದ ತುಂಬು ಜೋಗಕ್ಕೆ ರೇಷ್ಮೆ ಒಪ್ಪುವುದಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಒಂದು ಬಿಳಿ ಸೀರೆ ಒಣಹಾಕಿದಂತೆ ಕಾಣುತ್ತದೆ. ಆಗ ಫಿಲ್ಟರ್ ತೆಗೆದು 1/500ರಲ್ಲಿ ನೀರಿನ ರಭಸವನ್ನೇ ಹಿಡಿಯಿರಿ. ನೀರು ಇಳಿದು ಎಳೆಗಳು ಬಿಡಿಬಿಡಿಯಾಗಿ ಕಾಣುವ ದಿನಗಳಲ್ಲಿ ಎನ್‌ಡಿ ತನ್ನ ಬೆಲೆ ತೋರಿಸುತ್ತದೆ.

ಪ್ರಶ್ನೆ: ಪೋಲರೈಸರ್ ಹಾಕಿ ಕಾಪು ದೀಪಸ್ತಂಭದ ಫೋಟೊ ತೆಗೆದೆ. ಆಕಾಶದ ಒಂದು ಪಕ್ಕ ಕಡುನೀಲಿ, ಇನ್ನೊಂದು ಪಕ್ಕ ಬಿಳಿಚಿದೆ. — ಉಡುಪಿ

ಉತ್ತರ: ಆಕಾಶದ ಬೆಳಕು ಎಲ್ಲ ಕಡೆ ಒಂದೇ ಸಮನಾಗಿ ಪೋಲರೈಸ್ ಆಗಿರುವುದಿಲ್ಲ, ಅಂದರೆ ಅದರ ಅಲೆಗಳು ಎಲ್ಲೆಡೆ ಅಷ್ಟೇ ಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ. ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಅದು ಅತಿ ಹೆಚ್ಚು, ಸೂರ್ಯನ ಹತ್ತಿರ ಮತ್ತು ಬೆನ್ನ ಹಿಂದೆ ಇಲ್ಲವೆನ್ನುವಷ್ಟು ಕಡಿಮೆ. 18 ಮಿ.ಮೀ.ನಂಥ ಅಗಲದ ನೋಟದಲ್ಲಿ ನಿಮ್ಮ ಚೌಕಟ್ಟು ಆಕಾಶದ ದೊಡ್ಡ ತುಂಡನ್ನೇ ನುಂಗುವುದರಿಂದ ಎರಡೂ ಭಾಗ ಒಂದರಲ್ಲೇ ಬಂದಿವೆ. 35 ಮಿ.ಮೀ. ಅಥವಾ ಮುಂದಕ್ಕೆ ಜೂಮ್ ಮಾಡಿ, ಇಲ್ಲವೇ ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ, ಇಲ್ಲವೇ ಬಳೆಯನ್ನು ಅರ್ಧಕ್ಕೆ ನಿಲ್ಲಿಸಿ. ಪಟ್ಟಿ ಎಲ್ಲಿದೆ ಎಂದು ತಿಳಿಯಲು ಹೆಬ್ಬೆರಳು–ತೋರುಬೆರಳನ್ನು ಮೂಲೆಮಟ್ಟದಂತೆ ಹಿಡಿದು, ತೋರುಬೆರಳನ್ನು ಸೂರ್ಯನ ಕಡೆ ತೋರಿಸಿ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿದಲ್ಲೆಲ್ಲ ಪರಿಣಾಮ ಜೋರು.

ನಿಜ ಹೇಳಬೇಕೆಂದರೆ ಪೋಲರೈಸರನ್ನು ನೀಲಿ ಆಕಾಶಕ್ಕಾಗಿ ಕೊಳ್ಳುವವರು ಅದರ ಅರ್ಧ ಗುಣವನ್ನೂ ಕಂಡಿರುವುದಿಲ್ಲ. ಮಳೆ ನಿಂತ ಮೇಲೆ ಅಡಿಕೆ ತೋಟಕ್ಕೆ ಹೋಗಿ. ಬರಿಗಣ್ಣಿಗೆ ಒದ್ದೆ ಎಲೆಗಳ ಮೇಲೆ ಬೆಳ್ಳನೆಯ ಹೊಳಪು ಮೆತ್ತಿಕೊಂಡಿರುತ್ತದೆ. ಬಳೆ ತಿರುಗಿಸುತ್ತಿದ್ದಂತೆ ಆ ಬಿಳುಪು ಜಾರಿ ಒಳಗಿನ ಹಸಿರು ಹೊರಬರುತ್ತದೆ. ಕೆರೆಯ ನೀರನ್ನು ಅದರ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದರೆ ಆಕಾಶದ ಪ್ರತಿಬಿಂಬ ಮಾಯವಾಗಿ ತಳದ ಕಲ್ಲು ಕಾಣುತ್ತದೆ. ಯಾವ ಎಡಿಟಿಂಗ್ ಆ್ಯಪೂ ಇದನ್ನು ಮಾಡಿಕೊಡದು, ಹೊಳಪಿನ ಅಡಿಯಲ್ಲಿದ್ದದ್ದು ಫೈಲಿನಲ್ಲಿ ಇರುವುದೇ ಇಲ್ಲವಲ್ಲ. ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುವಾಗ ಮಾಡಿದ್ದೂ ಇದನ್ನೇ: ನಿಕೋಲ್ ಪ್ರಿಸಂ ಎಂಬ ಪೋಲರೈಸರಿನಿಂದ ಸಮುದ್ರದ ಮೇಲ್ಮೈ ಪ್ರತಿಬಿಂಬವನ್ನು ಅಳಿಸಿ ನೋಡಿದರು. ಆಗಲೂ ನೀಲಿ ಉಳಿದದ್ದರಿಂದ, ಕಡಲಿನ ಬಣ್ಣ ಆಕಾಶದ ನೆರಳಷ್ಟೇ ಅಲ್ಲ ಎಂದು ತೋರಿಸಿಕೊಟ್ಟರು.

ಕೆಲವು ಎಚ್ಚರಿಕೆ. ಪೋಲರೈಸರ್ 1ರಿಂದ 2 ಸ್ಟಾಪ್ ಬೆಳಕು ತಿನ್ನುತ್ತದೆ, ಸಂಜೆ ಬಿಚ್ಚಿಡಿ. ಹಿತ್ತಾಳೆ ದೀಪ, ಸ್ಟೀಲ್ ಪಾತ್ರೆಗಳ ಹೊಳಪಿನ ಮೇಲೆ ಅದರ ಆಟ ನಡೆಯದು. ಕಾಮನಬಿಲ್ಲು ಅದಕ್ಕೆ ಪೂರ್ತಿ ಅಳಿಸಿಹೋಗಲೂಬಹುದು. ಹಳೆಯ ಕೆಲವು 18-55 ಲೆನ್ಸ್‌ಗಳಲ್ಲಿ ಫೋಕಸ್ ಆಗುವಾಗ ಮುಂಭಾಗವೇ ತಿರುಗುತ್ತದೆ. ಅಂಥದ್ದಾದರೆ ಮೊದಲು ಫೋಕಸ್, ಆಮೇಲೆ ಬಳೆ.

ಪ್ರಶ್ನೆ: ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿದೆ, ಎಷ್ಟು ಗಟ್ಟಿಯಾಗಿ ಹಿಡಿದು ತಿರುಗಿಸಿದರೂ ಬರುತ್ತಿಲ್ಲ. — ಹಾವೇರಿ

ಉತ್ತರ: ಗಟ್ಟಿಯಾಗಿ ಹಿಡಿಯುವುದೇ ಕಾರಣ. ಎರಡು ಬೆರಳಿನಲ್ಲಿ ಹಿಂಡಿದರೆ ತೆಳು ಬಳೆ ಮೊಟ್ಟೆಯಾಕಾರಕ್ಕೆ ಬಂದು ಮರೆಯಲ್ಲಿ ಇನ್ನೂ ಬಿಗಿಯುತ್ತದೆ. ಬಳೆಯ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಐದೂ ಬೆರಳನ್ನು ಸಮನಾಗಿ ಇಟ್ಟು ಮೆಲ್ಲಗೆ ತಿರುಗಿಸಿ. ಬರದಿದ್ದರೆ ತೊಳೆದು ಒಣಗಿಸಿದ ಹವಾಯಿ ಚಪ್ಪಲಿಯ ಮೇಲೆ ಫಿಲ್ಟರನ್ನು ಬೋರಲಾಗಿ ಸಮನಾಗಿ ಒತ್ತಿ ಲೆನ್ಸ್ ತಿರುಗಿಸಿ. ನಗಬೇಡಿ, ಬಹಳ ಸಲ ಇದೇ ಕೆಲಸ ಮಾಡುತ್ತದೆ. ಪೋಲರೈಸರ್ ಆದರೆ ಹಿಡಿಯಬೇಕಾದ್ದು ಲೆನ್ಸಿಗೆ ತಾಗಿದ ಹಿಂದಿನ ಬಳೆ, ಮುಂದಿನದು ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಎಣ್ಣೆ ಮಾತ್ರ ಬಿಡಬೇಡಿ. ಮುಂದೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ‘ಟಿಕ್’ ಎಂದು ಮರೆ ಕೂತ ಮೇಲೆ ಮುಂದಕ್ಕೆ ತಿರುಗಿಸಿ. ಉಪ್ಪಿನಕಾಯಿ ಜಾಡಿಯಂತೆ ಬಿಗಿಯುವ ಅಗತ್ಯವಿಲ್ಲ.

ಪ್ರಶ್ನೆ: ಮಳೆಗಾಲ ಕಳೆದು ಬ್ಯಾಗ್ ತೆರೆದರೆ ಲೆನ್ಸ್ ಒಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಯುವಿ ಫಿಲ್ಟರ್ ಹಾಕಿಯೇ ಇಟ್ಟಿದ್ದೆ. — ಮಡಿಕೇರಿ

ಉತ್ತರ: ಅದು ಬೂಷ್ಟು. ತೇವ ಲೆನ್ಸಿನ ಸಂದುಗಳಿಂದಲೇ ಒಳಹೋಗುತ್ತದೆ, ಫಿಲ್ಟರ್ ಅದನ್ನು ತಡೆಯದು. ಗಾಳಿಯ ತೇವಾಂಶ ಶೇ. 65–70 ದಾಟಿ ವಾರಗಟ್ಟಲೆ ನಿಂತರೆ, ಕತ್ತಲೆಯೂ ಸೇರಿದರೆ ಬೂಷ್ಟಿಗೆ ಹಬ್ಬ. ಕ್ಯಾಮೆರಾ ಬ್ಯಾಗು ಹೊತ್ತೊಯ್ಯಲು ಇರುವುದು, ಮಲಗಿಸಲು ಅಲ್ಲ. ಅದರ ಸ್ಪಂಜು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಈಗ ಬಂದಿರುವುದನ್ನು ರಿಪೇರಿಯವರಿಗೆ ಬೇಗ ಕೊಡಿ. ತಡವಾದರೆ ಅದು ಉಗುಳುವ ಆಮ್ಲ ಗಾಜಿನ ಲೇಪನವನ್ನು ತಿಂದುಬಿಡುತ್ತದೆ, ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಅಲ್ಲಿಯವರೆಗೆ ಆ ಲೆನ್ಸನ್ನು ಬೇರೆಯವುಗಳಿಂದ ದೂರವಿಡಿ.

ಮುಂದಿನ ಮಳೆಗಾಲಕ್ಕೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇದ್ದರೆ ನಿಶ್ಚಿಂತೆ, ಶೇ. 40–50ಕ್ಕೆ ಇಟ್ಟರಾಯಿತು. ಇಲ್ಲವಾದರೆ ಮುಚ್ಚಳಕ್ಕೆ ರಬ್ಬರ್ ಅಂಚಿರುವ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 200–250 ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಮಾಪಕ. ಔಷಧಿ ಡಬ್ಬಿಯಿಂದ ಕೂಡಿಟ್ಟ ಪುಟ್ಟ ಪೊಟ್ಟಣಗಳು ಯಾವಾಗಲೋ ತೇವ ಕುಡಿದು ಸುಸ್ತಾಗಿರುತ್ತವೆ, ಅವುಗಳನ್ನು ನೆಚ್ಚಬೇಡಿ. ಕಿತ್ತಳೆ ಬಣ್ಣದ ಜೆಲ್ ತನ್ನಿ, ತೇವ ತುಂಬಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮನೆಗೆ ಬೇಡ. ಬಣ್ಣ ತಿರುಗಿದ ಜೆಲ್ಲನ್ನು ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಹೊಸದಾಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮಾಪಕ ಶೇ. 30ಕ್ಕಿಂತ ಕೆಳಗಿಳಿದರೆ ಜೆಲ್ ಕಡಿಮೆ ಮಾಡಿ, ಅತಿ ಒಣಗುವುದು ರಬ್ಬರಿಗೆ ಒಳ್ಳೆಯದಲ್ಲ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಾಯವನ್ನು ಮಾತ್ರ ಮಾಡಬೇಡಿ, ಅದರ ಹಿಟ್ಟು ಲೆನ್ಸಿನ ಮರೆಗೆಲ್ಲ ಸೇರುತ್ತದೆ.

ಪ್ರಶ್ನೆ: ಎರಡನೆಯ ಲೆನ್ಸಿಗೆ ಹಣ ಕೂಡಿಸಿದ್ದೇನೆ. ಮನೆಯ ಸಮಾರಂಭಗಳ ಫೋಟೊ ಮಂಕು, ರಂಗನತಿಟ್ಟಿನ ಹಕ್ಕಿಗಳೂ ಚುಕ್ಕೆಯಷ್ಟೇ ಕಾಣುತ್ತವೆ. ಯಾವುದು ಮೊದಲು? — ಮಂಡ್ಯ

ಉತ್ತರ: ತಿಂಗಳಲ್ಲಿ ಯಾವುದನ್ನು ಹೆಚ್ಚು ಸಲ ತೆಗೆಯುತ್ತೀರಿ ಎಂದು ಎಣಿಸಿ. ಬಹುತೇಕರಿಗೆ ಅದು ಮನೆ. ಹಾಗಾದರೆ ಮೊದಲು ಎಫ್/1.8 ಲೆನ್ಸ್, ಅದು ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಬಿಟ್ಟುಕೊಳ್ಳುತ್ತದೆ. ನಾಮಕರಣ ನಡೆಯುವ ಕೋಣೆಯಲ್ಲಿ ಐಎಸ್‌ಒ 16000 ಬೇಡುತ್ತಿದ್ದ ಚಿತ್ರ 1600ರಲ್ಲಿ ಬರುತ್ತದೆ. ಆದರೆ ಕ್ರಾಪ್ ಸೆನ್ಸರಿನ ಮೇಲೆ 50 ಮಿ.ಮೀ. ಲೆನ್ಸ್ 75–80ರಂತೆ ಕಾಣುವುದರಿಂದ ಸಣ್ಣ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. ಒಬ್ಬರು–ಇಬ್ಬರ ಚಿತ್ರಕ್ಕೆ 50, ಮನೆಯೊಳಗಿನ ಗುಂಪಿಗೆ 35. ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ ಅಡ್ಡಪಟ್ಟೆಗಳು ಬಂದರೆ ಶಟರನ್ನು 1/100ಕ್ಕೆ ಇಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ.

ಹಕ್ಕಿಗೆ 55-250 ಅಥವಾ 70-300 ಸಾಕು. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ. ದೋಣಿಯೊಳಗೆ ಟ್ರೈಪಾಡ್ ಇಟ್ಟರೆ ಹಲಗೆಯ ಅಲುಗಾಟವೆಲ್ಲ ಕ್ಯಾಮೆರಾಕ್ಕೆ ಬರುತ್ತದೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯಿರಿ. ಶಟರ್ 1/1000, ಐಎಸ್‌ಒ ಆಟೊ, ಲೆನ್ಸ್ ಮೇಲೆ ಯಾವ ಫಿಲ್ಟರೂ ಬೇಡ. ಸೆಕೆಂಡ್ ಹ್ಯಾಂಡ್ ತರುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಬೇರಿನಂಥ ಎಳೆಗಳು ಕಂಡರೆ ಮಡಿಕೇರಿಯವರ ಪ್ರಶ್ನೆ ಇನ್ನೊಮ್ಮೆ ಓದಿ.

ಪ್ರಶ್ನೆ: ಎನ್‌ಡಿ 1000 ಇದೆ. ಸೂರ್ಯಗ್ರಹಣ ತೆಗೆಯಬಹುದೆ? — ಮಂಗಳೂರು

ಉತ್ತರ: ಬೇಡ. ಅದು ಬೆಳಕನ್ನು ಸಾವಿರಕ್ಕೊಂದು ಭಾಗಕ್ಕೆ ಇಳಿಸುತ್ತದೆ, ಸೂರ್ಯನಿಗೆ ಲಕ್ಷಕ್ಕೊಂದು ಬೇಕು. ಕಣ್ಣಿಗೆ ಕಾಣದ ಶಾಖದ ಕಿರಣಗಳೂ ಅದರ ಮೂಲಕ ನುಸುಳುತ್ತವೆ. ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕಣ್ಣಿಟ್ಟರೆ ಸುಡುವುದು ಕಣ್ಣೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಿಮ್ಮೂರಿನ ಮೇಲೇ ಹಾದುಹೋಯಿತು. 2031ರ ಮೇ 21ರ ಕಂಕಣದ ಪಥ ಕೇರಳ, ತಮಿಳುನಾಡುಗಳ ಮೇಲಿದೆ, ನಮಗೆ ಪಾರ್ಶ್ವ ಕಾಣುತ್ತದೆ. ಅಷ್ಟರೊಳಗೆ ಸಾಂದ್ರತೆ 5.0 (ಅದೇ ಲಕ್ಷಕ್ಕೊಂದು ಭಾಗ) ಎಂದು ನಮೂದಿಸಿದ ಸೋಲಾರ್ ಫಿಲ್ಮ್ ತಂದು, ಲೆನ್ಸಿನ ಮುಂದೆ, ಗಾಳಿಗೆ ಹಾರದಂತೆ ಕಟ್ಟಿ. ಹಾಕುವ ಮುನ್ನ ಪ್ರತಿ ಸಲ ಟಾರ್ಚಿಗೆ ಹಿಡಿದು ಸೂಜಿರಂಧ್ರ ಇಲ್ಲವೆಂದು ನೋಡಿಕೊಳ್ಳಿ.